ಕೈ ಎತ್ತಿ

ನನ್ನ ಕೆಲಸ ಕಿವಿಯದು.
ಗಾಜಿನ ಆಚೆ ಕೂತವರಿಗೆ ಹೆಡ್‌ಫೋನ್ ತೊಡಿಸಿ
ಸಣ್ಣ ಸದ್ದು ಬಿಡುತ್ತೇನೆ, ಇನ್ನೂ ಸಣ್ಣದು, ಅದಕ್ಕೂ ಸಣ್ಣದು.
ಕೇಳಿದ ಕೂಡಲೆ ಕೈ ಎತ್ತಿ, ಅನ್ನುತ್ತೇನೆ.
ಕೇಳದಿದ್ದರೂ ಎತ್ತುವವರಿದ್ದಾರೆ,
ಸೊಸೆ ಬಾಗಿಲಲ್ಲಿ ನಿಂತಿದ್ದಾಳೆ ಅಂತ.

ಶಿವಮೊಗ್ಗಕ್ಕೆ ಬಂದು ಹತ್ತೊಂಬತ್ತು ದಿನ.
ದುರ್ಗಿಗುಡಿಯ ಲಾಡ್ಜಿನಲ್ಲಿ ಒಂದು ಬಕೆಟ್, ಅರ್ಧ ಕಿಟಕಿ,
ಕೆಳಗೆ ರಾತ್ರಿ ಹನ್ನೊಂದರವರೆಗೆ ಆಮ್ಲೆಟ್ ಮಗುಚುವ ಸದ್ದು.
ಲಿಂಗಸುಗೂರಿನಿಂದ ಅವ್ವ ಫೋನಿನಲ್ಲಿ:
"ಅಷ್ಟು ದೊಡ್ಡ ಊರಾಗ ಒಂದು ಖೋಲಿ ಸಿಗವಲ್ದೇನು?"

ಸಿಗುತ್ತದೆ ಅವ್ವಾ. ಸಿಗುತ್ತದೆ, ಆಮೇಲೆ ಸಿಗುವುದಿಲ್ಲ.

ವಿನೋಬನಗರದ ಮನೆ ಚೆನ್ನಾಗಿತ್ತು. ಮೊಸಾಯಿಕ್ ನೆಲ,
ಅಡುಗೆಮನೆಯಲ್ಲಿ ಬೆಳಕು.
ಯಜಮಾನರು ಕಾಫಿ ಕೊಟ್ಟರು, ಹೆಸರು ಕೇಳಿದರು.
ಹುಲಿಗೆಮ್ಮ, ಅಂದೆ.
"ಹೋ" ಅಂದರು.
ಆ ಹೋ ಎರಡು ಸೆಕೆಂಡು ಉದ್ದವಿತ್ತು, ನನಗೆ ಅಳೆಯಲು ಬರುತ್ತದೆ.
ಸಂಜೆ ಬ್ರೋಕರ್ ಫೋನು: "ಅವರ ಭಾವನ ಮಗ ಬರ್ತಾನಂತೆ ಮೇಡಂ."

ಗೋಪಾಳದಲ್ಲಿ: ಒಬ್ಬರೇನಾ?
ಒಬ್ಬಳೇ.
ಯಾರೂ ಬರಲ್ವಾ?
ತಮ್ಮ ಬರ್ತಾನೆ, ಯಾವಾಗಾದರೂ.
ತಮ್ಮ ಅಂದ್ರೆ ತಮ್ಮನೇನಾ?

ರಾಜೇಂದ್ರನಗರದಲ್ಲಿ ಪ್ರಶ್ನೆಯೇ ಇಲ್ಲ.
ಆಕೆ ನನ್ನ ಕಾಲಬೆರಳು ನೋಡಿದಳು, ಉಂಗುರವಿಲ್ಲ,
ತರಕಾರಿ ಗಾಡಿಯವನ ಕಡೆ ತಿರುಗಿ
"ಬೀನ್ಸ್ ಎಷ್ಟು?" ಅಂದಳು.

ಸವಳಂಗ ರಸ್ತೆಯ ಹೊಸ ಅಪಾರ್ಟ್‌ಮೆಂಟಿನವರಿಗೆ
ನಾನು ಯಾರಾದರೂ ಸರಿ,
ಹತ್ತು ತಿಂಗಳ ಬಾಡಿಗೆ ಮುಂಗಡ.
ಲಿಫ್ಟಿನ ಕನ್ನಡಿಯೆದುರು ಲೆಕ್ಕ ಹಾಕುತ್ತ ಕೆಳಗಿಳಿದೆ.

ಇಮ್ತಿಯಾಜ್ ಬುದ್ಧಿ ಹೇಳಿದ, ಸ್ಕೂಟರ್ ನಿಲ್ಲಿಸದೆ:
"ಸ್ವಲ್ಪ ಮೆತ್ತಗೆ ಹೇಳಿ ಮೇಡಂ.
ಹುಲಿಗೆ ಅಂದ್ರೆ ಸಾಕು. ಮೊಟ್ಟೆ ಅನ್ನಿ, ಕೋಳಿ ಅನ್ನಬೇಡಿ.
ನಾನೂ ಫೋನಲ್ಲಿ ಬರೀ ಬ್ರೋಕರ್ ಅಂತೀನಿ."
ಕಲಿತೆ. ನನ್ನ ಊಟ, ನನ್ನ ಕೇರಿ
ಮೂವತ್ತು ಡೆಸಿಬೆಲ್ ದಾಟಲಿಲ್ಲ.

ಭಾನುವಾರ, ಕೋಟೆ ರಸ್ತೆಯ ಹಿಂದೆ, ತುಂಗೆಗೆ ಬೆನ್ನು ಹಾಕಿದ ಓಣಿ.
ಕೆಳಗೆ ಹಿಟ್ಟಿನ ಗಿರಣಿ, ಮೇಲೆ ಎರಡು ಕೋಣೆ.
ರುಕ್ಮಾಬಾಯಿ ಕಟ್ಟೆಯ ಮೇಲೆ ಡಬ್ಬಿಗಳಿಗೆ ಚೀಟಿ ಅಂಟಿಸುತ್ತಿದ್ದಳು,
ಹುಬ್ಬಿನ ತುಂಬ ರಾಗಿ.
ನಲವತ್ತು ವರ್ಷ ಬೆಲ್ಟಿನ ಪಕ್ಕ ನಿಂತ ಕಿವಿ.
ಮಾತಿಗೆ ಮೊದಲೇ ಗೊತ್ತಾಯಿತು,
ಮುಖವನ್ನು ಎಡಕ್ಕೆ ವಾಲಿಸಿದ ರೀತಿಯಿಂದ.

"ಹೆಸರೇನು?"
ಹುಲಿಗೆ.
"ಹಾಂ?"
ಹುಲಿಗೆಮ್ಮ.
"ಜೋರಾಗಿ ಹೇಳು ಮಾರಾಯ್ತಿ, ಗಿರಣಿ ನಡೀತಾ ಇದೆ."
ಗಿರಣಿ ನಿಂತಿತ್ತು. ಭಾನುವಾರ.

ಕೂಗಿದೆ.
ಹೆಸರು ಕೂಗಿದೆ. ಅಪ್ಪ ಏನು ಮಾಡುತ್ತಿದ್ದ ಅಂತ ಕೂಗಿದೆ,
ಊರಿನ ಯಾವ ಕಡೆ ನಮ್ಮ ಮನೆ ಅಂತ,
ಕೋಳಿ ತಿಂತೀನಿ ಅಂತ, ಕುರಿಯೂ ಅಂತ, ಒಬ್ಬಳೇ ಅಂತ,
ಮದುವೆ ಆಗಿಲ್ಲ, ಸದ್ಯಕ್ಕೆ ಆಗೋದೂ ಇಲ್ಲ ಅಂತ.
ಇದನ್ನು ಅವಳು ಕೇಳಿಯೇ ಇರಲಿಲ್ಲ.
ಹತ್ತೊಂಬತ್ತು ದಿನ ಗಂಟಲಲ್ಲಿ ಮಡಚಿಟ್ಟದ್ದು
ಓಣಿಯ ಎರಡೂ ಗೋಡೆಗೆ ಬಡಿದು ವಾಪಸು ಬಂತು.
ಎದುರುಮನೆಯ ಟೀವಿ ಸಣ್ಣದಾಯಿತು.
ಪಂಕ್ಚರ್ ಅಂಗಡಿಯವನು ಟ್ಯೂಬನ್ನು ನೀರಲ್ಲೇ ಹಿಡಿದು ಕೂತ.
ಮೂರನೇ ಮನೆಯವರು ಕಿಟಕಿ ಹಾಕಿಕೊಂಡರು, ಅದೂ ಕೇಳಿಸಿತು.
ಇಮ್ತಿಯಾಜ್ ಸ್ಕೂಟರಿನ ಕನ್ನಡಿ ಒರೆಸತೊಡಗಿದ.

ರುಕ್ಮಾಬಾಯಿ ಬೆರಳಿನ ಗೋಂದು ಸೀರೆಗೆ ಒರೆಸಿಕೊಂಡಳು.
"ಐದೂವರೆ ಸಾವಿರ. ಮೆಟ್ಟಿಲ ಲೈಟು ನೀನೇ ಹಾಕಿಸ್ಕೋಬೇಕು.
ಬೆಳಗ್ಗೆ ಏಳಕ್ಕೆ ಗಿರಣಿ ಶುರು,
ತಲೆನೋವು ಅಂತ ಇಳಿದು ಬರಬಾರದು."

ಎಷ್ಟು ಕೇಳಿಸಿತೋ ಅವಳಿಗೆ.
ಯಂತ್ರವಿಲ್ಲದೆ ಹೇಳುವುದು ಕಷ್ಟ.

ಕೀಲಿಯೆಲ್ಲ ಹಿಟ್ಟು.
ಮೆಟ್ಟಿಲು ಹತ್ತುವಾಗ ಎದುರಿನ ತಾರಸಿಯಲ್ಲಿ
ಬಟ್ಟೆ ಹರವುತ್ತಿದ್ದ ಹೆಂಗಸು,
ಬಾಯಲ್ಲಿ ಎರಡು ಕ್ಲಿಪ್ಪು,
ಏನೂ ಹೇಳದೆ
ಕೈ ಎತ್ತಿದಳು.