ಅರ್ಧ ಇಂಚು

ಖಡೇಬಜಾರದ ಒಳಓಣಿ, ಮೆಟ್ಟಿಲ ಕೆಳಗಿನ ಅಂಗಡಿ.
ಬಾಬಾಲಾಲ ಮುಜಾವರ ಚಿತ್ರವನ್ನು ಬೋರಲು ಹಾಕಿ
ಒಂದೊಂದೇ ಮೊಳೆ ಕೀಳುತ್ತಾನೆ.
ತುಕ್ಕು ಹಿಡಿದ ಮೊಳೆ. ಹಿಂದಿನ ರಟ್ಟು
ಯಾವುದೋ ಬಿಸ್ಕೀಟು ಡಬ್ಬಿಯದು.

'ಯಾರ್ ಬರದದ್ರಿ?'
ನಮ್ಮತ್ತಿ. ಇಂದುಮತಿ. ಶಹಾಪುರದ ಕನ್ಯಾಶಾಳೆಯಲ್ಲಿ
ಡ್ರಾಯಿಂಗ್ ಟೀಚರ್. ಮದುವೆಯಾಗಲಿಲ್ಲ.

ಅಷ್ಟು ಸಾಕಿತ್ತು ನಮಗೆ, ಚಿತ್ರ ಓದಲಿಕ್ಕೆ.

ಹಾರ್ಲಿಕ್ಸ್ ಬಾಟಲಿ, ಅದರೊಳಗೆ ಐದು ಡೇರೆ ಹೂ,
ಒಂದು ಗುಲಛಡಿ ಕಡ್ಡಿ, ಮೇಜಿನ ಮೇಲೆ
ಉದುರಿದ ಮೂರು ಪಕಳೆ. ಹಿಂದೆ ಕಂದು ಸಂಜೆ.

'ಉದುರಿದ್ದು ಎದುರಿಗಿರಬಾರದು' ಅಂದ ಕಾಕಾ
ದೇವರಕೋಣೆಯ ಗೋಡೆಗೆ ತೂಗುಹಾಕಿದ,
ಬಾಗಿಲು ತೆರೆದರೆ ಮರೆಯಾಗುವಲ್ಲಿ.
ಧಾರವಾಡದಲ್ಲಿ ಕಲೆ ಓದಿದ ಭಾವ
ಕನ್ನಡಕ ಒರೆಸಿ 'ಕ್ಷಣಭಂಗುರ' ಎಂದ;
ಆ ಶಬ್ದ ಎಲ್ಲರಿಗೂ ಹಿಡಿಸಿತು.
ಅವ್ವ ಗುಲಛಡಿಯನ್ನೇ ನೋಡಿ
'ತಾ ಮುಡಿಯೂದು ಬಿಟ್ಟು ಬಾಟಲಿಗೆ ಮುಡಿಸ್ಯಾಳ' ಅಂತ
ಸೆರಗಿನಲ್ಲಿ ಮೂಗೊರೆಸಿಕೊಂಡಳು.
ನಾನೋ, ಹದಿನೇಳರಲ್ಲಿ ಅದರ ಮೇಲೊಂದು ಪದ್ಯ ಬರೆದೆ,
ಬರದೇ ಹೋದವನೊಬ್ಬನನ್ನು
ಆ ಕಂದಿನೊಳಗೆ ನಿಲ್ಲಿಸಿ.
ಅತ್ತೆ ಓದಿ, ಕಾಗುಣಿತ ತಿದ್ದಿ
ಮರಳಿ ಕೊಟ್ಟಳು.

ಕೊನೆಯ ಮೊಳೆ. ಚೌಕಟ್ಟು ಬಿಟ್ಟುಕೊಂಡಿತು.
'ಇಲ್ನೋಡ್ರಿ.' ಅವನ ಉಗುರಿನ ಕೆಳಗೆ
ಕಟ್ಟಿಗೆ ಇಷ್ಟು ದಿನ ಮುಚ್ಚಿದ್ದ ಅರ್ಧ ಇಂಚು,
ನಾಲ್ಕೂ ಅಂಚಿಗೆ, ಹಳದಿ.
ಗಿರಣಿಯಿಂದ ಈಗಷ್ಟೇ ಇಳಿಸಿದ ಕಡ್ಲಿಹಿಟ್ಟಿನ
ಇನ್ನೂ ಬೆಚ್ಚಗಿರುವ ಹಳದಿ.

'ಸಂಜಿ ಅಲ್ರಿ ಇದು, ಮುಂಜಾನಿ.
ಮ್ಯಾಲಿಂದು ಊದಿನಕಡ್ಡಿ ಹೊಗಿ. ನಿಮ್ಮ ಮನೀದು.'

ಹತ್ತಿಗೆ ಉಗುಳು ತಾಗಿಸಿ, ನಾಚದೆ,
ಮೂಲೆಯಲ್ಲಿ ಕಾಸಿನಗಲ ಒರೆಸಿದ.
ನಮ್ಮ ಸಂಜೆ ಅವನ ಬೆರಳಿಗೆ ಬಂತು:
ನಲವತ್ತು ವರ್ಷದ ಶನಿವಾರ, ಸಂಕಷ್ಟಿ,
ಅಜ್ಜನ ಹದಿಮೂರು ದಿನ,
ಕರೆಂಟು ಹೋದ ಪರೀಕ್ಷೆಯ ರಾತ್ರಿಗಳ ಚಿಮಣಿ.
ಪದ್ಯದೊಳಗೆ ನಾನು ನಿಲ್ಲಿಸಿದ್ದ ಗಂಡಸು
ಹತ್ತಿಯ ಜೊತೆ ಡಬ್ಬಿಗೆ ಬಿದ್ದ.

ಆಮೇಲೆ ಬಾಟಲಿ. ನೀರಿನ ಗೆರೆ ಎರಡು:
ಕೆಳಗೊಂದು, ಬಣ್ಣ ಬಳಿದು ಮುಚ್ಚಿದ್ದು,
ಬೆರಳಗಲ ಮೇಲೊಂದು.
'ಒಂದ ದಿನದ್ದಲ್ಲರಿ. ಹೂ ನೀರ ಕುಡದಾವು.
ಮತ್ತ ಹಾಕ್ಯಾರ. ಮತ್ತ ಕುಂತು ಬರದಾರ.'

ಆ ಮೂರು ಪಕಳೆ? ಹಟಕ್ಕೆ ಬಿದ್ದು ಕೇಳಿದೆ.
ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿ
'ಪಕಳಿರಿ' ಅಂದ.

'ಎಲ್ಲಾ ತೊಳೀಲಿ?'
ಹೂಂ ಅನ್ನಲು ಬಾಯಿ ತೆರೆದೆ. ಆ ಹೊಗೆಯಲ್ಲಿ
ಅವ್ವ ಹಚ್ಚಿದ್ದೂ ಇದೆ.
ಬಟ್ಟೆ ಅಂಗಡಿಯ ಹುಡುಗ ಚಹಾ ತಂದಿಟ್ಟು ಹೋದ.
ಅರ್ಧ ಕಪ್ಪು. ಕೆನೆ ಕಟ್ಟುವ ತನಕ ಸುಮ್ಮನಿದ್ದೆ.

ತೊಳೀಬ್ಯಾಡ್ರಿ ಈಗ. ಚೌಕಟ್ಟು ಮಾತ್ರ
ಅರ್ಧ ಇಂಚು ಹೊರಗ ಸರಸ್ರಿ.
ಆ ಅಂಚು ಕಾಣಬೇಕು.

ಬಾಬಾಲಾಲ ಪೆನ್ಸಿಲ್ಲು ಕಿವಿಗೆ ಸಿಗಿಸಿ
ನನ್ನನ್ನೇ ನೋಡಿದ.
'ಹಂಗಾದ್ರ ಮೊಳಿ ಎಲ್ಲಿ ಹೊಡೀಲ್ರಿ?'