ಚಾಲಕ ಸೇರಿ ತೂಕ

ಕೊಳ್ಳಲು ಬಂದವರೆಲ್ಲ ಮೊದಲು ಸುಳ್ಳು ಹೇಳುತ್ತಾರೆ.
ಇಪ್ಪತ್ತೆರಡು ವರ್ಷದಿಂದ ಕನ್ವರ್ಟರ್ ಕಟ್ಟುತ್ತಿದ್ದೇನೆ
ಕೆಂಟಕಿಯ ಈ ತಗಡಿನ ಶೆಡ್ಡಿನಲ್ಲಿ;
ಏಳುನೂರು ಕುದುರೆಯ ಎಂಜಿನ್ನಿಗೆ
ಒಂಬೈನೂರು ಎಂದು ಬರೆಯದ ಗಂಡಸನ್ನು
ಇನ್ನೂ ಕಂಡಿಲ್ಲ.

ನೀನೂ ಬರೆದೆ, ಡಾರ್ಸಿ ಸ್ಟರ್ಜಿಲ್,
ಕಾಗದ ಹರಿಯುವ ಹಾಗೆ ಪೆನ್ಸಿಲ್ ಒತ್ತಿ.
ನಾನು ನಂಬಿದೆ. ಅದು ನನ್ನ ತಪ್ಪು.

ಮೂರು ವಾರಕ್ಕೆ ವಾಪಸು ತಂದೆ,
ಹಳೆಯ ಟವೆಲ್ಲಿನಲ್ಲಿ ಸುತ್ತಿ, ಎಣ್ಣೆ ತೊಟ್ಟಿಕ್ಕುತ್ತ,
ಜೊತೆಗೆ ನಾಲ್ಕು ಓಟದ ಚೀಟಿ.
“ಏಳೋದೇ ಇಲ್ಲ, ಲೋರೀನ್.
ಹಸಿರು ದೀಪ ಹತ್ತಿದ ಮೇಲೂ
ಹೇಸರಗತ್ತೆ ಹಾಗೆ ನಿಂತು ಯೋಚಿಸುತ್ತೆ.”

ಅರವತ್ತು ಅಡಿಗೆ ಒಂದು ಪಾಯಿಂಟ್ ನಾಲ್ಕೊಂಬತ್ತು.
ಸೂಜಿ ನಾಲ್ಕು ಸಾವಿರದ ಆರುನೂರಕ್ಕೇ ಸುಸ್ತು.
ನಿನ್ನ ಎಂಜಿನ್ನಿನ ಕಸುವು ಇರುವುದು
ಐದು ಸಾವಿರದ ಇನ್ನೂರರ ಮೇಲೆ.
ಬೆಲ್ಲ ಅಟ್ಟದಲ್ಲಿದೆ,
ಏಣಿ ಅಲ್ಲಿಗೆ ಮುಟ್ಟುವುದಿಲ್ಲ.

ಲೇತಿಗೆ ಕಟ್ಟಿ ಬೆಸುಗೆಯ ಗೆರೆ ಕೊರೆದೆ.
ಸುರುಳಿ ಸುರುಳಿ ಬಿಚ್ಚಿಕೊಂಡಿತು ಉಕ್ಕು.
ತೆರೆದಾಗ ಬರುವ ಆ ಸುಟ್ಟ ಸಿಹಿ ವಾಸನೆ —
ಭಾನುವಾರ ಚರ್ಚಿನಲ್ಲೂ ನನ್ನ ಕೂದಲಿಂದ
ಅದೇ ಬರುತ್ತದೆ ಅನ್ನುತ್ತಿದ್ದ ನನ್ನ ಗಂಡ,
ಬೇಸರದಿಂದಲ್ಲ.

ಒಳಗೆ ಎರಡು ಬಟ್ಟಲು, ಎದುರುಬದುರು,
ಮೈತುಂಬ ರೆಕ್ಕೆ.
ಒಂದು ಎಂಜಿನ್ನಿನ ಕಡೆಯದು, ಒಂದು ಚಕ್ರದ ಕಡೆಯದು.
ಮಾತು ಬಿಟ್ಟ ಓರಗಿತ್ತಿಯರು, ಮನೆ ಒಂದೇ;
ಇವಳ ಮಾತು ಅವಳಿಗೆ ಮುಟ್ಟಿಸುವುದು ಎಣ್ಣೆ.
ನಡುವೆ ಕೂತ ಸ್ಟೇಟರ್
ಮುನಿಸಿಕೊಂಡು ಹಿಂದಿರುಗಿದ ಎಣ್ಣೆಯ ಹೆಗಲು ಹಿಡಿದು
ಮತ್ತೆ ಎದುರಿಗೆ ತಿರುಗಿಸುತ್ತದೆ.

ಆ ರೆಕ್ಕೆಯ ಓರೆಯಲ್ಲೇ ನನ್ನ ಅನ್ನ.
ಕೂದಲೆಳೆ ಬಾಗಿಸಿದರೆ ಸೂಜಿ ಮೇಲೇರುತ್ತದೆ;
ಅತಿಯಾದರೆ ಕೊನೆಯ ಗೆರೆಯಲ್ಲಿ
ಎಂಜಿನ್ ಕಿರುಚುತ್ತದೆ, ಕಾರು ಕಿವಿಗೊಡುವುದಿಲ್ಲ.
ಅಜ್ಜಿ ಬೆಣ್ಣೆ ಕಡೆಯುವಾಗ ಹೇಳುತ್ತಿದ್ದಳು:
ಗಡಿಯಾರ ನೋಡಬೇಡ,
ಗಳಿಗೆ ಬಂದಾಗ ಕಡೆಗೋಲೇ ಭಾರವಾಗುತ್ತೆ.

ಕುದುರೆಗಳನ್ನು ಏಳುನೂರ ನಲವತ್ತಕ್ಕೆ ಇಳಿಸಿ
ಮತ್ತೆ ಲೆಕ್ಕ ಹಾಕಿದೆ.
ಆಗಲೂ ಹೊಂದಲಿಲ್ಲ.
ಒಂದು ಸುಳ್ಳಿಗೆ ಇಷ್ಟು ಕಡಿಮೆಯಾಗದು;
ಇನ್ನೇನೋ ಹಗುರಾಗಿತ್ತು.
ಹಗುರ ಕಾರು ಎದುರು ನಿಲ್ಲುವುದಿಲ್ಲ,
ಎದುರು ನಿಲ್ಲದಿದ್ದರೆ ಎಣ್ಣೆಗೆ ರೋಷ ಬರುವುದಿಲ್ಲ.

“ಕಾರನ್ನು ತಕ್ಕಡಿ ಮೇಲೆ ನಿಲ್ಲಿಸು,” ಅಂದೆ,
“ಓಡಿಸುವವರನ್ನೂ ಕೂರಿಸು.”
ಎರಡು ಸಾವಿರದ ಏಳುನೂರ ಹತ್ತು ಪೌಂಡು.
ಹೋದ ವರ್ಷ ಎಂಟುನೂರ ಇಪ್ಪತ್ತಿತ್ತು.
ನೂರ ಹತ್ತು ಪೌಂಡು ಎಲ್ಲಿ ಹೋಯಿತು, ಡಾರ್ಸಿ?
ಗಾಜು ತೆಗೆದೆಯಾ? ಬಾಗಿಲು?

ಫೋನಿನಲ್ಲಿ ಬರೀ ಉಸಿರು.
ಆಮೇಲೆ:
“ಎಡಗಣ್ಣಿಗೆ ಹಳದಿ ದೀಪ ಎರಡೆರಡು ಕಾಣಿಸ್ತಿದೆ.
ಈಗ ಟ್ಯಾನ್ಸಿ ಕೂರ್ತಾಳೆ.”

ಮಗಳ ಮಗಳು. ನೆನಪಿದೆ,
ಬಕೆಟ್ ಹಿಡಿದು ಟೈರು ತೊಳೆಯುತ್ತಿದ್ದ ಕಡ್ಡಿ.
ನನ್ನ ಫಾರಮ್ಮಿನಲ್ಲಿ
ಅದನ್ನು ಬರೆಯಲು ಒಂದು ಗೆರೆಯೂ ಇರಲಿಲ್ಲ.

ಬೇರೆ ಸ್ಟೇಟರ್ ಇಟ್ಟೆ.
ಎರಡು ಸಲ ಅಳೆದು, ಬೆಸೆದು, ತಿರುಗಿಸಿ,
ತೂಗಾಟ ನಿಂತ ಮೇಲೆ ದೀಪ ಆರಿಸಿದೆ.

ಶನಿವಾರ ಹೊಳೆದಂಡೆಯ ಟ್ರ್ಯಾಕಿಗೆ ನಾನೇ ಹೋದೆ.
ಹೆಲ್ಮೆಟ್ಟಿನೊಳಗೆ ಅವಳ ಮುಖ
ಹೆಂಗಿದೆಯೋ ಕಾಣಲಿಲ್ಲ.
ಗುಂಡಿ ಒತ್ತಿದಳು; ಎಂಜಿನ್ ಏರಿತು,
ಏರಿ ಅಲ್ಲೇ ನಡುಗುತ್ತ ನಿಂತಿತು,
ಐದು ಸಾವಿರದ ಮುನ್ನೂರು.
ಬಿಟ್ಟಳು.

ಯೋಚನೆ ಇಲ್ಲ. ಮೂತಿ ಎತ್ತಿ ಹೋಯಿತು ಹೇಸರಗತ್ತೆ.

ಕೆಂಪು ದೀಪ.
ಸಾವಿರದ ನಾಲ್ಕು ಪಾಲು ಮುಂಚೆ. ಸೋತಳು.

ಚೀಟಿಯನ್ನು ಬಲಗಣ್ಣಿಗೆ ಹತ್ತಿರ ಹಿಡಿದು ಓದಿದೆ ನೀನು:
ಒಂದು ಪಾಯಿಂಟ್ ಮೂರೇಳು.
ಇನ್ನೊಮ್ಮೆ ಓದಿದೆ. ಮೂಗು ಒರೆಸಿಕೊಂಡೆ.
“ಸೂಜಿ ಇನ್ನೊಂದು ನೂರು ಏರಿಸಬಹುದಾ, ಲೋರೀನ್?”

ಮೊದಲು ಹುಡುಗಿಗೆ
ಎರಡು ಬರ್ಗರ್ ಕೊಡಿಸು, ಅಂದೆ.
ಆಮೇಲೆ ತೂಕ ಹಾಕೋಣ.