ಹುಣಸೆ ಬೊಡ್ಡೆಯ ಅಣಬೆ

"ಸಾರು ಮಾಡಕ್ಕಾ" ಅಂತ ತಂದ
ಮೂರನೇ ಕ್ಲಾಸಿನ ಪಾಲಯ್ಯ,
ಅಂಗಿಯ ತುದಿಯಲ್ಲಿ ಸುತ್ತಿ, ಕದ್ದ ಕೋಳಿಯ ಹಾಗೆ.
ತುರುವನೂರಿನ ಶಾಲೆಯ ಹಿಂದೆ
ಸಿಡಿಲು ಬಡಿದು ಸತ್ತ ಹುಣಸೆ;
ಅದರ ಬೊಡ್ಡೆಗೆ, ಗೋಡೆಗೆ ಹೊಡೆದ ಹಲಗೆಯ ಹಾಗೆ
ಕಚ್ಚಿಕೊಂಡಿತ್ತಂತೆ.
ನಾಲ್ಕು ಜನ ಕಲ್ಲಲ್ಲಿ ಕುಟ್ಟಿ ಬಿಡಿಸಿದರಂತೆ.

ಅಲ್ಲೇ ಗೊತ್ತಾಯ್ತು ನನಗೆ ಅರ್ಧ.
ಬಾಯಿಗೆ ಬರೋ ಅಣಬೆ ಬೆರಳಿಗೆ ಬರುತ್ತೆ,
ಕಲ್ಲು ಕೇಳೋದಿಲ್ಲ.

ಬಿಸಿಯೂಟದ ಒಲೆ ಮುಂದೆ ಹದಿನಾಲ್ಕು ವರ್ಷ.
ಅನ್ನ ಬೆಂದಿದ್ದು ಒಂದು ಅಗುಳಲ್ಲಿ ತಿಳಿಯುತ್ತೆ,
ಇದಕ್ಕೆ ಅಗುಳಿಲ್ಲ.
ಉಗುರು ಊರಿದೆ: ಉಗುರೇ ಮಡಚಿತು.
ಕಟ್ಟೆಗೆ ಬಡಿದೆ: ಟಕ್ ಟಕ್, ಬಾಗಿಲಿಗೆ ಯಾರೋ ಬಂದ ಹಾಗೆ.
ಮೂಸಿದೆ: ಹಳೇ ಗೋಣಿಚೀಲ.
ಕಾಲಿಲ್ಲ, ಕೊಡೆಯಿಲ್ಲ.
ಬೆನ್ನ ಮೇಲೆ ಬೂದು ಏಣುಗಳು,
ಕೆರೆ ಬತ್ತುತ್ತಾ ದಂಡೆಗೆ ಬಿಟ್ಟುಹೋದ ಗೆರೆಗಳ ಹಾಗೆ.
ತಿರುಗಿಸಿದರೆ ಹೊಟ್ಟೆ ಬೆಳ್ಳಗೆ.
ನಮ್ಮ ಹುತ್ತದ ಅಣಬೆಗಿರುವ
ಪುಸ್ತಕದ ಹಾಳೆಯಂಥ ಎಸಳು ಒಂದೂ ಇಲ್ಲ;
ಸೂಜಿಮೊನೆಯಲ್ಲಿ ಚುಚ್ಚಿದಂಥ ತೂತು, ಬರೀ ತೂತು,
ರವೆ ಜರಡಿಗಿಂತ ಸಣ್ಣ.

"ವಿಷಾನಾ ಅಕ್ಕಾ?"
ಗೊತ್ತಿಲ್ಲ ಕಣೋ.
ವಿಷ ಅನ್ನೋಕೆ ಮೊದಲು ಅಗಿಯೋಕೆ ಬರಬೇಕು.
ಇದನ್ನ ಬೇಯಿಸೋಕೆ ಒಟ್ಟಿದ ಸೌದೆ
ಇದಕ್ಕಿಂತ ಮೊದಲು ಮೆತ್ತಗಾಗುತ್ತೆ.

ಮೇಷ್ಟ್ರು ಗರಗಸ ತಂದು ಕೊಯ್ದರು.
ಒಳಗೆ ಕಾಫಿ ಬಣ್ಣ, ಪದರದ ಕೆಳಗೆ ಪದರ.
ಮಕ್ಕಳು ಎಣಿಸಿದರು: ಏಳು. ಅಲ್ಲ, ಎಂಟು.
ವರ್ಷಕ್ಕೊಂದು, ಅಂದರು ಮೇಷ್ಟ್ರು.
ಮಳೆಗೊಂದು ಇರಬೇಕು, ಅಂದೆ ನಾನು.
ನಮ್ಮ ಸೀಮೆಯಲ್ಲಿ ಅವೆರಡೂ ಒಂದೇ ಲೆಕ್ಕವಲ್ಲ.

ಒಂದು ಹೋಳನ್ನ ರಾತ್ರಿ
ಬಿಳೀ ಹಾಳೆ ಮೇಲೆ ಬೋರಲು ಹಾಕಿ ಬೋಗುಣಿ ಮುಚ್ಚಿಟ್ಟೆ.
ಬೆಳಿಗ್ಗೆ ಹಾಳೆ ತುಂಬ ಧೂಳು,
ಹುರಿದ ರಾಗಿಹಿಟ್ಟಿನ ಬಣ್ಣ;
ಬೆರಳಿಗೆ ಹತ್ತಿತು, ಬೆರಳಿಗೆ ಸಿಗಲಿಲ್ಲ.
ಇಡೀ ಹುಣಸೆಮರ ತಿಂದು
ಇಷ್ಟು ನುಣ್ಣಗೆ ಬೀಸಿದೆ ನೋಡು,
ನಮ್ಮೂರ ಗಿರಣಿ ನಾಚಬೇಕು.
ಉಣ್ಣೋ ಪಾಳಿ ಅದರದು. ನಾವು ತಟ್ಟೆ ಹಿಡಿದು
ನಡುವೆ ನುಗ್ಗಿದ್ದೆವು, ಅಷ್ಟೆ.

ನಿನ್ನೆ ಉಗುರು ಊರಿದ ಕಡೆ
ಬಿಳಿಹೊಟ್ಟೆ ಕಂದಾಗಿತ್ತು.
ಸೆರಗಿನ ಪಿನ್ನು ತೆಗೆದು ಅಲ್ಲೇ ಬರೆದೆ, ಒತ್ತಿ:
ತಿನಬಾರದು.
ಗೀರು ಬಿದ್ದಲ್ಲೆಲ್ಲ ಅಕ್ಷರ ಕಪ್ಪೇರಿತು, ಮಸಿಯಿಲ್ಲದೆ.

ಪಕ್ಕದಲ್ಲಿ ನಿಂತು ಓದಿದ ಜೈಬುನ್ನಿಸಾ
ಏನೂ ಅನ್ನದೆ ಪಿನ್ನು ಇಸಕೊಂಡು
ನಕಾರದ ಕೆಳಗೆ ಒತ್ತು ಕೊಟ್ಟಳು.
ಅದು ಕಂದಾಗುವವರೆಗೂ ಕಾದೆವು ಮೂವರೂ.

ಉಪ್ಪಿನ ಡಬ್ಬಿ ಪಕ್ಕ ಇಟ್ಟಿದ್ದೀನಿ,
ಹೊಟ್ಟೆ ಈಚೆಗೆ ಮಾಡಿ.